ಬಂದೂಕಿನ ಸರದಿ

ಎರಡು ಸಾವಿರದ ಇಸವಿ ಟೋಕಿಯೋದ ನಮ್ಮ ಕಂಪ್ಯೂಟರುಗಳಲ್ಲಿ ಏನನ್ನೂ ಕೆಡಿಸದೆ ಬಂದುಬಿಟ್ಟಿತು. ಏನಾದರೂ ಕೆಟ್ಟರೆ ಸರಿಪಡಿಸಲೆಂದು ಕಾದು ಕುಳಿತಿದ್ದ ನಮಗೆಲ್ಲ ಕಂಪನಿ ಒಂದು ಮಧ್ಯಾಹ್ನ ಡಬ್ಬಿ ಊಟ ಕೊಟ್ಟು, ತಲೆಬಾಗಿ ಧನ್ಯವಾದ ಹೇಳಿ, ಗುಂಪನ್ನು ವಿಸರ್ಜಿಸಿತು. ಕೆಲವರು ಬೆಂಗಳೂರಿಗೆ ವಾಪಸಾದರು, ಕೆಲವರು ಬ್ಯಾಂಕುಗಳ ಕೆಲಸಕ್ಕೆ ಹಂಚಿಹೋದರು. ನನ್ನನ್ನು ಅದೇ ಕಟ್ಟಡದ ಮೇಲಿನ ಮಹಡಿಯ ಒಂದು ಸಣ್ಣ ವಿಭಾಗಕ್ಕೆ ಹಾಕಿದರು. ಅಲ್ಲಿ ನೋಡಿದ್ದನ್ನು ಇಷ್ಟು ದಿನ ಬರೆದಿರಲಿಲ್ಲ. ಬರೆಯುವಷ್ಟು ನನಗೆ ಗೊತ್ತಿದೆಯೇ ಎಂಬ ಅನುಮಾನವಿತ್ತು. ಈಗ ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆಮಾಡಿ ಹೇಳಬಲ್ಲೆ ಅನ್ನಿಸುತ್ತದೆ.

ಆ ವಿಭಾಗಕ್ಕೆ ಬಂದಿದ್ದ ಕೆಲಸ ದೂರದ ಒಂದು ದೇಶದ್ದು. ದೇಶದ ಹೆಸರನ್ನಾಗಲಿ ನಗರದ ಹೆಸರನ್ನಾಗಲಿ ಬರೆಯುವುದಿಲ್ಲ. ಇದರಲ್ಲಿ ಬರುವವರು ಅದೇ ಬೀದಿಯಲ್ಲಿ ಇನ್ನೂ ಬದುಕುತ್ತಿದ್ದಾರೆ. ಅಲ್ಲಿ ಒಂದೇ ದೇಶದ ಜನ ಎರಡು ಪಾಳಯವಾಗಿ ಕಾದಾಡುತ್ತಿದ್ದರು. ಯುದ್ಧ ನಗರದ ಬಾಗಿಲಿಗೆ ಬಂದಾಗ ಸೈನ್ಯ ಅಲ್ಲಿರಲಿಲ್ಲ. ದರ್ಜಿಗಳು, ಬಸ್ ಕಂಡಕ್ಟರುಗಳು, ಕಾಲೇಜು ಹುಡುಗರು ಬೀದಿಗೊಂದು ಕಾವಲು ಗುಂಪು ಕಟ್ಟಿಕೊಂಡು ಊರನ್ನು ಉಳಿಸಿಕೊಂಡರು. ಆಮೇಲೆ ಸೈನ್ಯ ಬಂತು. ಯುದ್ಧ ಬೆಟ್ಟಗಳ ಕಡೆಗೆ ಸರಿಯಿತೇ ಹೊರತು ನಿಲ್ಲಲಿಲ್ಲ. ಈಗ ನಗರಸಭೆಗೆ ಹೊಸ ಚಿಂತೆ: ಬೀದಿಬೀದಿಯಲ್ಲಿ ಬಂದೂಕು ಹಿಡಿದ ಜನ, ಜೇಬಿನಲ್ಲಿ ಕಾಸಿಲ್ಲ, ಮಾಡಲು ಕೆಲಸವಿಲ್ಲ. ಅವರಿಗೆ ಮರ್ಯಾದೆಯಿಂದ ಒಂದಿಷ್ಟು ಹಣ ಕೊಟ್ಟು, ಬಂದೂಕು ವಾಪಸು ಪಡೆದು, ಮನೆಗೆ ಕಳಿಸಬೇಕಿತ್ತು. ಹಣ ಕೊಡಲು ಟೋಕಿಯೋದ ಒಂದು ನೆರವು ಕಚೇರಿ ಒಪ್ಪಿತ್ತು. ಯಾರಿಗೆ ಕೊಡುವುದು, ಒಬ್ಬರಿಗೇ ಎರಡು ಸಲ ಹೋಗದಂತೆ ಹೇಗೆ ತಡೆಯುವುದು, ಇದನ್ನು ನೋಡಿಕೊಳ್ಳುವ ಸಾಫ್ಟ್‌ವೇರ್ ನಮ್ಮ ಪಾಲಿಗೆ ಬಂದಿತ್ತು.

ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಹುದ್ದೆಯಿಂದಲೇ ಕಾಚೋ ಎಂದು ಕರೆಯುತ್ತಿದ್ದರು. ಅಂಗಿಯ ತೋಳನ್ನು ಒಂದೇ ಒಂದು ಮಡಿಕೆ ಮಡಿಸಿಕೊಂಡು, ಹಸಿರು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕೇಳಿದ ಪ್ರಶ್ನೆಗೆ ಸ್ವಲ್ಪ ಹೊತ್ತು ಬಿಟ್ಟು ಉತ್ತರ ಹೇಳುವ ಮನುಷ್ಯ. ನಗರಸಭೆಯ ಕಡೆಯಿಂದ ಒಬ್ಬ ಅಧಿಕಾರಿ ಬಂದಿದ್ದರು, ವಯಸ್ಸು ಐವತ್ತರ ಆಸುಪಾಸು. ಯುದ್ಧಕ್ಕೆ ಮುಂಚೆ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದರಂತೆ. ಅದು ಗೊತ್ತಾದ ದಿನದಿಂದ ಕಾಚೋ ಅವರನ್ನು ಸೆನ್ಸೇ ಎಂದರು, ಇಡೀ ಮಹಡಿ ಸೆನ್ಸೇ ಎಂದಿತು. ನಾನು ಮನಸ್ಸಿನಲ್ಲಿ ಮೇಷ್ಟ್ರು ಎಂದುಕೊಂಡೆ. ಇಲ್ಲೂ ಹಾಗೇ ಕರೆಯುತ್ತೇನೆ. ಅವರು ತಮ್ಮ ಬೀದಿಯ ಕಾವಲು ಗುಂಪಿನ ಯಜಮಾನರೂ ಆಗಿದ್ದರು ಎಂಬುದು ಅವರ ಪರಿಚಯದ ಹಾಳೆಯಲ್ಲಿತ್ತು, ಆದರೆ ಅವರು ಆ ಮಾತೆತ್ತುತ್ತಿರಲಿಲ್ಲ. ನಾನೂ ಅವರೂ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ, ಕಾಚೋಗೆ ನಾನು ಜಪಾನಿಯಲ್ಲಿ ಹೇಳುತ್ತಿದ್ದೆ. ಅವರ ಇಂಗ್ಲಿಷ್ ಶಾಲೆಯ ಮೇಷ್ಟರದೇ, ನಿಧಾನ, ಪ್ರತಿ ಪದದ ಕೊನೆಯಲ್ಲೂ ಚುಕ್ಕೆ ಇಟ್ಟಂತೆ.

ನಗರದಲ್ಲಿ ಬಂದೂಕು ಕೊಟ್ಟು ಹಣ ಪಡೆಯಲು ಬರುವವರಿಗೆ ನೆರವು ಕಚೇರಿ ಒಂದು ನಿಯಮ ಬರೆದಿತ್ತು. ಬಂದೂಕು ತಂದೊಪ್ಪಿಸಿದವನೇ ಕಾವಲುಗಾರ. ಪ್ರತಿ ಬಂದೂಕಿನ ಮೇಲೂ ಕೆತ್ತಿದ ಸಂಖ್ಯೆಯಿದೆ. ಅದೇ ಸಂಖ್ಯೆ ಎರಡನೇ ಸಲ ಬಂದರೆ ಮೋಸ. ನಮಗೆ ಇದು ತುಂಬ ಹಿಡಿಸಿತು. ಒಬ್ಬರ ಹೆಸರೇ ಇನ್ನೊಬ್ಬರಿಗೂ ಇರಬಹುದು, ಮುಖ ಬದಲಾಗಬಹುದು, ಸಂಖ್ಯೆ ಬದಲಾಗುವುದಿಲ್ಲ. ಪ್ರತಿ ದಾಖಲೆಗೂ ಬೇರಾವುದಕ್ಕೂ ಇಲ್ಲದ ಒಂದು ಗುರುತು, ಅಂದರೆ ಕೀಲಿ, ಬೇಕು ಎಂದು ನಮ್ಮ ಕಸುಬು ಹೇಳುತ್ತದೆ. ಇಲ್ಲಿ ಕೀಲಿ ಉಕ್ಕಿನ ಮೇಲೆ ಕೆತ್ತಿಕೊಂಡೇ ಬಂದಿತ್ತು. ಒಂದು ಬಂದೂಕು, ಒಬ್ಬ ಮನುಷ್ಯ, ಒಂದು ಪಾವತಿ. ಅದೇ ಬಂದೂಕು ನನ್ನದೂ ಎಂದು ಎರಡನೆಯವನು ಬಂದರೆ ಪರದೆ ಕೆಂಪಾಗಿ ಅವನನ್ನು ಹೊರಗಿಡುತ್ತಿತ್ತು. ಅದನ್ನು ತೋರಿಸಿದ ದಿನ ನೆರವು ಕಚೇರಿಯವರು ಮೆಲ್ಲಗೆ ಚಪ್ಪಾಳೆ ತಟ್ಟಿದರು. ಕಾಚೋ ಮೇಷ್ಟರ ಕಡೆ ತಿರುಗಿ, ಹೀಗಿದ್ದರೆ ಆಗಬಹುದೇ ಎಂದು ಕೇಳಿದರು. ಮೇಷ್ಟ್ರು ಕೆಂಪು ಪರದೆಯನ್ನು ಬಹಳ ಹೊತ್ತು ನೋಡಿ, ಆಗಬಹುದು ಎಂದರು. ಆ ಹೊತ್ತು ನನಗೆ ನೆನಪಿದೆ. ಅವರ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆರೆದಿತ್ತು, ಅವರು ಏನನ್ನೂ ಬರೆದುಕೊಳ್ಳಲಿಲ್ಲ.

ನಾನಾಗ ಟೋಕಿಯೋದ ನಿಶಿ ಕಸಾಯಿ ಬಡಾವಣೆಯಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಮನೆ ಹಂಚಿಕೊಂಡಿದ್ದೆ. ಒಬ್ಬಳು ಬಸವನಗುಡಿಯವಳು, ಇನ್ನೊಬ್ಬಳು ಹಾಸನದವಳು, ಮೂವರೂ ಬೇರೆ ಬೇರೆ ಕಂಪನಿ. ಅಕ್ಕಿ, ಕುಕ್ಕರು, ಒಗೆಯುವ ಮೆಷಿನ್ನು ಎಲ್ಲವೂ ಸಮಪಾಲು. ಸೈಕಲ್ಲೂ ಒಂದೇ, ಮುಂದೆ ಬುಟ್ಟಿಯಿದ್ದ ಬೂದು ಬಣ್ಣದ್ದು. ಕೊಂಡಾಗ ಅಂಗಡಿಯವನು ಬಸವನಗುಡಿಯವಳ ಹೆಸರಿನಲ್ಲಿ ನೋಂದಾಯಿಸಿ, ಸೀಟಿನ ಕೆಳಗಿನ ಕೊಳವೆಗೆ ಒಂದು ಚೀಟಿ ಅಂಟಿಸಿಕೊಟ್ಟಿದ್ದ. ಬೆಳಿಗ್ಗೆ ಬೇಗ ಹೋಗುವವಳು ಸೈಕಲನ್ನು ಸ್ಟೇಷನ್ನಿನ ಬಳಿ ಬಿಡುತ್ತಿದ್ದಳು. ಸಂಜೆ ಬೇಗ ಬಂದವಳು ಮನೆಗೆ ತರುತ್ತಿದ್ದಳು. ಅದು ಯಾರದೆಂಬ ಯೋಚನೆ ನಮಗೆ ಬಂದದ್ದೇ ಇಲ್ಲ.

ಮೇಷ್ಟರಿಗೆ ಕಂಪನಿ ಮನೆ ಕೊಡಿಸಿದ್ದೂ ನಿಶಿ ಕಸಾಯಿಯಲ್ಲೇ. ಒಂದು ಭಾನುವಾರ ಮಧ್ಯಾಹ್ನ ಅವರಿಗೆ ಜೀರಿಗೆ, ಕಡಲೆಬೇಳೆ ಸಿಗುವ ಅಂಗಡಿ ತೋರಿಸಲು ಕರೆದುಕೊಂಡು ಹೋಗಿದ್ದೆ. ವಾಪಸು ಬರುವಾಗ ಅಕ್ಕಿಯ ಚೀಲವನ್ನು ಸೈಕಲ್ಲಿನ ಬುಟ್ಟಿಯಲ್ಲಿಟ್ಟು ತಳ್ಳಿಕೊಂಡು ಬರುತ್ತಿದ್ದೆ. ರೈಲಿನ ಮೇಲ್ಸೇತುವೆಯ ಕೆಳಗೆ ಪೊಲೀಸಿನವನೊಬ್ಬ ಬಹಳ ವಿನಯವಾಗಿ ನಮ್ಮನ್ನು ನಿಲ್ಲಿಸಿದ. ಸೈಕಲ್ ತಪಾಸಣೆ. ಚೀಟಿಯ ಮೇಲಿನ ಅಂಕಿ ನೋಡಿ, ನನ್ನ ಹೆಸರು ಕೇಳಿ, ಹೊಂದಿಸಿ ನೋಡಲೆಂದು ಎದೆಯ ಹತ್ತಿರ ಸಿಕ್ಕಿಸಿಕೊಂಡಿದ್ದ ರೇಡಿಯೋಗೆ ಕೈ ಹಾಕಿದ.

ಮುಂದಿನದು ಎಷ್ಟು ಬೇಗ ಆಯಿತೆಂದರೆ ನಾನು ಅದನ್ನು ಅರ್ಥಮಾಡಿಕೊಂಡದ್ದು ಆಮೇಲೆ. ಆ ಕೈ ಎದೆಯ ಕಡೆ ಹೋದದ್ದೇ ತಡ, ಮೇಷ್ಟ್ರು ನನ್ನನ್ನು ಹಿಂದಕ್ಕೆ ತಳ್ಳಿ ಮುಂದೆ ಬಂದು ನಿಂತರು. ಸೈಕಲ್ ಬಿತ್ತು. ಅಕ್ಕಿಯ ಚೀಲ ಉರುಳಿತು, ಒಡೆಯಲಿಲ್ಲ. ಅವರ ಎರಡೂ ಅಂಗೈ ತೆರೆದು ಮುಂದಕ್ಕೆ ಚಾಚಿದ್ದವು. ಪೊಲೀಸಿನವನಿಗೂ ಗಾಬರಿ. ಅವನು ರೇಡಿಯೋವನ್ನು ಹೊರತೆಗೆದು ನಮಗೆ ತೋರಿಸಿದ, ಮಗುವಿಗೆ ಆಟಿಕೆ ತೋರಿಸುವ ಹಾಗೆ. ನಾನು ಸುಮಿಮಾಸೆನ್, ಸುಮಿಮಾಸೆನ್ ಎಂದು ಕ್ಷಮೆ ಕೇಳುತ್ತಲೇ ಇದ್ದೆ. ಯಾರ ಪರವಾಗಿ, ಯಾರಿಗೆ ಎಂದು ತಿಳಿಯದೆ.

ಸೈಕಲ್ ಬೇರೆಯವರ ಹೆಸರಿನಲ್ಲಿದೆ ಎಂದು ರೇಡಿಯೋ ಹೇಳಿತು. ಗೆಳತಿಯದು ಎಂದೆ. ಹಾಗಾದರೆ ಅವರಿಗೆ ಫೋನ್ ಮಾಡಿ ಎಂದ. ಬಸವನಗುಡಿಯವಳು ಮಧ್ಯಾಹ್ನದ ನಿದ್ದೆಯಿಂದ ಎದ್ದು ಫೋನೆತ್ತಿದಳು, ವಿಷಯ ಹೇಳಿದೆ.

“ಏನೇ, ನನ್ ಸೈಕಲ್ ಕದ್ದು ಪೊಲೀಸ್ ಹತ್ರ ಸಿಕ್ಕಿಬಿದ್ಯಾ? ಈ ಹುಡುಗಿ ಯಾರೋ ಗೊತ್ತಿಲ್ಲ ಅಂದ್ಬಿಡ್ಲಾ?”

“ಸುಮ್ನಿರೇ, ತಮಾಷೆ ಟೈಮಲ್ಲ ಇದು. ಅವನಿಗೆ ಹೇಳು.”

“ಸಾಯಂಕಾಲದ ಪಾತ್ರೆ ನೀನೇ ತೊಳೀತೀಯ ಅಂದ್ರೆ ಹೇಳ್ತೀನಿ.”

ಆಮೇಲೆ ಪೊಲೀಸಿನವನ ಹತ್ತಿರ ತನ್ನ ಒಳ್ಳೆಯ ಜಪಾನಿ ಭಾಷೆಯಲ್ಲಿ, ಮೂವರೂ ಓಡಿಸುತ್ತೇವೆ ಎಂದು ವಿವರಿಸಿದಳು. ಮೂವರೂ? ಅವನು ಎರಡು ಸಲ ಕೇಳಿದ. ಹಾಗಾದರೆ ಮೂವರಲ್ಲಿ ಯಾರದು? ಅವಳು ಏನು ಹೇಳಿದಳೋ, ಅವನು ನಗುತ್ತಾ ಟೋಪಿ ಮುಟ್ಟಿ ನಮ್ಮನ್ನು ಬಿಟ್ಟ. ಹೋಗುವ ಮುಂಚೆ ಅಕ್ಕಿಯ ಚೀಲವನ್ನು ತಾನೇ ಎತ್ತಿ ಬುಟ್ಟಿಯಲ್ಲಿಟ್ಟ.

ಹತ್ತಿರದ ಉದ್ಯಾನದಲ್ಲಿ ಒಂದು ಬೆಂಚಿನ ಮೇಲೆ ಕುಳಿತೆವು. ಪಕ್ಕದ ಕೊಂಬಿನಿ ಅಂಗಡಿಯಿಂದ ಬಿಸಿ ಚಹಾದ ಡಬ್ಬಿ ತಂದುಕೊಟ್ಟೆ. ಮೇಷ್ಟ್ರು ಅದನ್ನು ತೆರೆಯದೆ ಅಂಗೈಗಳ ನಡುವೆ ಹೊರಳಿಸುತ್ತಿದ್ದರು. ನನಗೆ ಆದದ್ದೇನೂ ಇಲ್ಲ, ಅವರಿಗೆ ಆಗಿದ್ದ ಯಾವುದೋ ಒಂದರ ಪಕ್ಕದಲ್ಲಿ ನಿಂತಿದ್ದೆ, ಅಷ್ಟೇ. ಅವರು ಸೈಕಲ್ಲಿನ ಚೀಟಿಯ ಕಡೆ ನೋಡಿ ಕೇಳಿದರು, ಹೆಸರು ಒಬ್ಬಳದು, ಓಡಿಸುವುದು ಮೂವರು, ಹೌದೇ ಎಂದು. ಹೌದೆಂದೆ.

“ನಮ್ಮ ಬೀದಿಯ ಬಂದೂಕೂ ಹಾಗೇ, ಮಗಳೇ,” ಎಂದರು. “ನಮ್ಮೂರಿನ ಎಲ್ಲ ಬೀದಿಯದ್ದೂ.”

ಆ ಬೆಂಚಿನ ಮೇಲೆ ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ನಗರದಲ್ಲಿ ಕಾವಲಿಗೆ ಬಂದ ಜನ ಹೆಚ್ಚು, ಬಂದೂಕು ಕಡಿಮೆ. ಆದ್ದರಿಂದ ಬಂದೂಕು ಮನುಷ್ಯನದ್ದಾಗಿರಲಿಲ್ಲ, ಬೀದಿಯ ಮೂಲೆಯದ್ದಾಗಿತ್ತು. ಅಲ್ಲಿ ನಿಲ್ಲುವವರು ಸರದಿಯ ಮೇಲೆ ಬದಲಾಗುತ್ತಿದ್ದರು. ಒಂದು ಕಟ್ಟುನಿಟ್ಟು ಮಾತ್ರ ಇತ್ತು: ಬಂದೂಕನ್ನು ನೆಲದ ಮೇಲೆ ಇಡಬಾರದು, ಗೋಡೆಗೆ ಒರಗಿಸಬಾರದು, ಕೈಯಿಂದ ಕೈಗೇ ಹೋಗಬೇಕು. ಮುಂದಿನವನು ಬರುವ ತನಕ ಹಿಂದಿನವನು ಕದಲುವಂತಿಲ್ಲ. ಅವರ ಮೂಲೆಯ ಬಂದೂಕಿಗೆ ಮೂವರು: ಒಬ್ಬ ದರ್ಜಿ, ಒಬ್ಬ ಬೇಕರಿಯವನು, ಮೂರನೆಯವನು ಮೇಷ್ಟರ ಮಗ. ಮೂವರನ್ನೂ ಮೂಲೆಗೆ ಕರೆದು, ಟೋಕಿಯೋಗೆ ಹೊರಡುವ ಮುಂಚೆ ಅವರು ಮಾತು ಕೊಟ್ಟು ಬಂದಿದ್ದರು. ನಿಂತವರಿಗೆಲ್ಲ ಹಣ ಬರುತ್ತದೆ, ಬಂದೂಕು ಕೊಟ್ಟು ಮನೆಗೆ ಹೋಗಿ ಎಂದು. ಈಗ ನಮ್ಮ ಪರದೆ ಒಬ್ಬನಿಗೆ ಕೊಟ್ಟು ಇಬ್ಬರನ್ನು ಕಳ್ಳರೆನ್ನುತ್ತದೆ. ಆ ಇಬ್ಬರು ಬಂದೂಕು ಬಿಡುವುದಿಲ್ಲ. ಒಂದು ಮೂಲೆ ಬಿಡದಿದ್ದರೆ ಪಕ್ಕದ ಮೂಲೆಯೂ ಬಿಡುವುದಿಲ್ಲ. ಒಂದೂರಿನ ಜನ ತಮ್ಮತಮ್ಮಲ್ಲೇ ಗುಂಡು ಹಾರಿಸಿಕೊಳ್ಳಲು ಇದಕ್ಕಿಂತ ಚಿಕ್ಕ ಕಾರಣವನ್ನೂ ಅವರು ಕಂಡಿದ್ದರು.

ಸಭೆಯಲ್ಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ.

“ಮೂವರಲ್ಲಿ ಒಬ್ಬ ನನ್ನ ಮಗ. ನಾನು ಬಾಯಿ ತೆಗೆದರೆ, ಮಗನ ಹಣಕ್ಕೆ ಬೇಡುತ್ತಿದ್ದಾನೆ ಅನ್ನುತ್ತಾರೆ. ಆಮೇಲೆ ನಾನು ಹೇಳುವ ಯಾವುದನ್ನೂ ನಂಬುವುದಿಲ್ಲ.”

ಸೋಮವಾರ ಬೆಳಿಗ್ಗೆ ಕಾಚೋ ಬಳಿ ಹೋಗಿ, ಮೇಷ್ಟರ ಮಗನ ವಿಷಯ ಬಿಟ್ಟು ಉಳಿದದ್ದನ್ನು ಹೇಳಿದೆ. ಮಗನ ವಿಷಯ ಹೇಳುವ ಹಕ್ಕು ನನ್ನದಲ್ಲ ಅನ್ನಿಸಿತ್ತು. ಸೈಕಲ್ಲಿನಿಂದಲೇ ಶುರುಮಾಡಿದೆ. ಬಂದೂಕು ಮೂಲೆಯದ್ದು ಎನ್ನುವುದಕ್ಕಿಂತ ಸೈಕಲ್ಲಿನ ಮಾತು ಅವರಿಗೆ ಬೇಗ ಹತ್ತಿತು. ಅವರ ಮನೆಯಲ್ಲೂ ಸೈಕಲ್ ಹೆಂಡತಿಯ ಹೆಸರಿನಲ್ಲಿತ್ತಂತೆ. ನಕ್ಕರು. ನಗು ನಿಂತ ಮೇಲೆ, ನ್ಯಾಯವಾದದ್ದೇ ಒಂದು ಪ್ರಶ್ನೆ ಕೇಳಿದರು. ಒಂದು ಬಂದೂಕಿಗೆ ಮೂವರು ಎಂದು ಒಪ್ಪಿದರೆ, ನಾಳೆ ಹತ್ತು ಜನ ಬಂದು ನಾವೂ ಹಂಚಿಕೊಂಡಿದ್ದೆವು ಎನ್ನುತ್ತಾರೆ. ಹಣ ಕೊಡುವ ಕಚೇರಿಗೆ ನಾನು ಏನು ಹೇಳಲಿ?

ಅದನ್ನು ಮೇಷ್ಟರನ್ನೇ ಕೇಳಬೇಕು ಎಂದೆ. ಅವರು ಮೇಷ್ಟರನ್ನು ಕರೆಸಿದರು. ಮೇಷ್ಟ್ರು ಕುಳಿತುಕೊಳ್ಳಲಿಲ್ಲ. ಕುರ್ಚಿಯ ಬೆನ್ನನ್ನು ಹಿಡಿದು ನಿಂತೇ, ತಮ್ಮ ಮಗನ ವಿಷಯ ಹೇಳಿದರು. ಅವನ ಹೆಸರನ್ನು ತೆಗೆದುಬಿಡಿ, ಉಳಿದ ಇಬ್ಬರಿಗೆ ಕೊಡಿ, ಆಗ ನಾನು ಸ್ವಂತಕ್ಕೆ ಕೇಳಿದ ಹಾಗಾಗುವುದಿಲ್ಲ ಎಂದರು. ಅದನ್ನು ನಾನೇ ಜಪಾನಿ ಭಾಷೆಗೆ ತಿರುಗಿಸಿ ಹೇಳಬೇಕಾಯಿತು. ಕಾಚೋ ಚಹಾದ ಲೋಟವನ್ನು ಮೇಜಿನ ಮೇಲಿಟ್ಟರು.

“ಸೆನ್ಸೇ, ಮೂವರು ನಿಂತಿದ್ದರೆ ಮೂವರೆಂದೇ ಬರೆಯಬೇಕು. ಇಬ್ಬರೆಂದು ಬರೆದರೆ ಅದೂ ಸುಳ್ಳೇ. ನಾವು ಸುಳ್ಳನ್ನು ತಡೆಯುವ ಕೆಲಸ ತಾನೇ ಮಾಡುತ್ತಿರುವುದು?”

ಮೇಷ್ಟ್ರು ಕುಳಿತರು.

ಉತ್ತರ ಹೊಳೆದದ್ದು ಯಾರಿಗೆ ಎಂದು ಖಚಿತವಾಗಿ ಹೇಳಲಾರೆ. ಕಾಚೋ ಬಿಳಿ ಹಲಗೆಯ ಹತ್ತಿರ ಹೋಗಿ, ಕೈಯಿಂದ ಕೈಗೆ ಎಂದಿರಲ್ಲ, ಅದನ್ನು ಇನ್ನೊಮ್ಮೆ ಹೇಳಿ ಎಂದರು. ಮೇಷ್ಟ್ರು ಹೇಳಿದರು. ಕಾಚೋ ಮೂರು ಚುಕ್ಕೆ ಇಟ್ಟು, ಒಂದರಿಂದ ಒಂದಕ್ಕೆ ಬಾಣ ಎಳೆದರು. ಕೊನೆಯ ಬಾಣ ಮೊದಲ ಚುಕ್ಕೆಗೆ ಬಂದು ಸೇರಿತು. ಅದನ್ನು ನೋಡಿದ ಕೂಡಲೇ ನನಗೆ ಕೆಲಸ ಹೇಗೆ ಮಾಡುವುದೆಂದು ತಿಳಿಯಿತು. ಪ್ರತಿಯೊಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಎರಡೇ ಪ್ರಶ್ನೆ ಕೇಳಬೇಕು: ಬಂದೂಕನ್ನು ಯಾರ ಕೈಯಿಂದ ತೆಗೆದುಕೊಳ್ಳುತ್ತಿದ್ದೆ? ಯಾರ ಕೈಗೆ ಕೊಡುತ್ತಿದ್ದೆ? ನಿಜವಾಗಿ ನಿಂತವರ ಉತ್ತರಗಳು ಒಂದಕ್ಕೊಂದು ಕೂಡಿ ಬಳೆಯಾಗುತ್ತವೆ. ಸುಳ್ಳು ಹೇಳಲು ಬಂದವನಿಗೆ ತನ್ನ ಎರಡೂ ಪಕ್ಕದ ಕೈಗಳನ್ನು ಕಾಣಿಸಲಾಗುವುದಿಲ್ಲ. ಬಳೆ ಕೂಡಿದರೆ ಎಲ್ಲರಿಗೂ ಪಾವತಿ, ಬಂದೂಕು ಒಂದೇ. ಕೂಡದಿದ್ದರೆ ಆ ದಿನ ಯಾರಿಗೂ ಇಲ್ಲ.

ನನಗೆ ಅಷ್ಟು ಸಲೀಸಾಗಿ ಬಂದ ಕೆಲಸ ಮತ್ತೊಂದು ನೆನಪಿಲ್ಲ. ಹಳೆಯ ಕೀಲಿಯನ್ನು ಕಿತ್ತು ಹಾಕಿದೆವು. ಜಪಾನಿನ ಕಚೇರಿಯಲ್ಲಿ ಒಂದು ನಿಯಮ ಬದಲಿಸಬೇಕಾದರೆ ಕಾಗದ ಮೇಜಿನಿಂದ ಮೇಜಿಗೆ ಹೋಗಬೇಕು, ಪ್ರತಿಯೊಬ್ಬರೂ ತಮ್ಮ ಕೆಂಪು ಮುದ್ರೆ ಒತ್ತಬೇಕು. ಕೆಲವು ಕಾಗದಗಳು ಯಾವುದೋ ಟ್ರೇಯಲ್ಲಿ ಮಲಗಿಬಿಡುತ್ತವೆ. ಈ ಕಾಗದವನ್ನು ಕಾಚೋ ಟ್ರೇಗೆ ಹಾಕಲಿಲ್ಲ. ತಾವೇ ಕೈಯಲ್ಲಿ ಹಿಡಿದು ಮಹಡಿಯಿಂದ ಮಹಡಿಗೆ ಹತ್ತಿಳಿದು, ಎದುರಿಗೆ ನಿಂತು ಒತ್ತಿಸಿಕೊಂಡು ಬಂದರು. ನೆರವು ಕಚೇರಿಯ ಹಿರಿಯರೊಬ್ಬರು, ಇದನ್ನು ಮೊದಲು ಒಂದು ಬೀದಿಯಲ್ಲಿ ಮಾಡಿ ತೋರಿಸಿ, ಆಮೇಲೆ ಊರಿಗೆಲ್ಲ ಎಂದು ಷರತ್ತು ಹಾಕಿದರು. ಯಾವ ಬೀದಿ ಎಂಬ ಪ್ರಶ್ನೆ ಬಂದಾಗ ಮೇಷ್ಟ್ರು ತಡಮಾಡಲಿಲ್ಲ.

“ನಮ್ಮದರಿಂದಲೇ ಶುರುವಾಗಲಿ. ತಪ್ಪಾಗುವುದಿದ್ದರೆ ನನ್ನ ಮನೆಯಲ್ಲೇ ಮೊದಲು ಆಗಲಿ.”

ಆ ದಿನಗಳಲ್ಲಿ ಅವರು ಊಟಕ್ಕೆ ನಮ್ಮ ಮನೆಗೆ ಬರತೊಡಗಿದ್ದರು. ಹಾಸನದವಳು ಅವರಿಗೆ ಮುದ್ದೆ ನುಂಗುವುದನ್ನು ಕಲಿಸಲು ಹೋದಳು. ಅಗಿಯಬಾರದು ಸರ್, ಅಗಿದರೆ ನಮ್ಮೂರಿಗೇ ಅವಮಾನ ಎಂದಳು. ಅವರು ಗಂಭೀರವಾಗಿ ಪ್ರಯತ್ನಿಸಿ, ಯುದ್ಧದಲ್ಲೂ ಇಷ್ಟು ಧೈರ್ಯ ಬೇಕಾಗಿರಲಿಲ್ಲ ಎಂದು ನೀರು ಕೇಳಿದರು. ತಮ್ಮ ಊರಿನಲ್ಲಿ ದಿಗ್ಬಂಧನದ ಕಾಲದಲ್ಲೂ ಬೆಳಿಗ್ಗೆ ಬಿಸಿ ರೊಟ್ಟಿ ತಪ್ಪಿದ್ದಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಆ ರೊಟ್ಟಿಯ ವಾಸನೆ ಬಂದರೆ ರಾತ್ರಿ ಕಳೆಯಿತು ಎಂದು ಬೀದಿಗೆಲ್ಲ ಗೊತ್ತಾಗುತ್ತಿತ್ತಂತೆ.

ನಿಗದಿಯಾದ ದಿನ ಮಧ್ಯಾಹ್ನ ನಾವು ನಾಲ್ಕೈದು ಜನ ಸಭೆಯ ಕೋಣೆಯಲ್ಲಿ ಕುಳಿತೆವು. ಅಲ್ಲಿ ಆಗಷ್ಟೇ ಬೆಳಗಾಗುತ್ತಿತ್ತು. ಮೇಜಿನ ಮಧ್ಯದಲ್ಲಿ ಧ್ವನಿವರ್ಧಕದ ಫೋನು. ಆ ಕಡೆ ಶಾಲೆಯೊಂದರಲ್ಲಿ ಕೌಂಟರು ತೆರೆದಿದ್ದರು, ನಗರಸಭೆಯ ಗುಮಾಸ್ತೆಯೊಬ್ಬಳು ಇಂಗ್ಲಿಷಿನಲ್ಲಿ ನಮಗೆ ಓದಿ ಹೇಳುವುದು, ನಾನು ಟೈಪು ಮಾಡುವುದು ಎಂದು ನಿಶ್ಚಯವಾಗಿತ್ತು. ಮೇಷ್ಟ್ರು ಟೈ ಕಟ್ಟಿಕೊಂಡು ಬಂದಿದ್ದರು. ಮೂವರೂ ಬಂದಿದ್ದಾರೆ, ಮೂರು ತರಗತಿಗಳಲ್ಲಿ ಬೇರೆ ಬೇರೆ ಕೂರಿಸಿದ್ದೇವೆ, ಬಂದೂಕೂ ಬಂದಿದೆ, ಹೊರಗೆ ಅಂಗಳದಲ್ಲಿದೆ ಎಂದು ಗುಮಾಸ್ತೆ ತಿಳಿಸಿದಳು.

ಮೊದಲು ಮೇಷ್ಟರ ಮಗ. ದರ್ಜಿಯಿಂದ ತೆಗೆದುಕೊಳ್ಳುತ್ತಿದ್ದೆ, ಬೇಕರಿಯವನಿಗೆ ಕೊಡುತ್ತಿದ್ದೆ. ನಾನು ಟೈಪು ಮಾಡಿದೆ. ಎರಡನೆಯವನು ದರ್ಜಿ. ಬೇಕರಿಯವನಿಂದ ತೆಗೆದುಕೊಳ್ಳುತ್ತಿದ್ದೆ, ಮೇಷ್ಟರ ಮಗನಿಗೆ ಕೊಡುತ್ತಿದ್ದೆ. ಬಳೆ ಮುಕ್ಕಾಲು ಬಂದಿತ್ತು. ಕಾಚೋ ತಲೆಯಾಡಿಸಿದರು. ಮೂರನೆಯವನು ಬೇಕರಿಯವನು. ಮೇಷ್ಟರ ಮಗನಿಂದ ತೆಗೆದುಕೊಳ್ಳುತ್ತಿದ್ದೆ. ಇಲ್ಲಿ ಗುಮಾಸ್ತೆ ನಿಂತಳು. ಫೋನಿನಲ್ಲಿ ಕಾಗದದ ಸದ್ದು ಕೇಳಿಸಿತು. ನನ್ನ ತಂಗಿಗೆ ಕೊಡುತ್ತಿದ್ದೆ.

ಪರದೆ ಕೆಂಪಾಯಿತು.

ಇದರ ಅರ್ಥವೇನು ಎಂದು ಕಾಚೋ ಮೆಲ್ಲಗೆ ನನ್ನನ್ನು ಕೇಳಿದರು. ಬೇಕರಿಯವನು ತಂಗಿಗೆ ಕೊಟ್ಟೆ ಎನ್ನುತ್ತಾನೆ, ದರ್ಜಿ ಬೇಕರಿಯವನಿಂದಲೇ ಪಡೆದೆ ಎನ್ನುತ್ತಾನೆ, ಇಬ್ಬರಲ್ಲಿ ಒಬ್ಬರದು ಸುಳ್ಳು, ಬಳೆ ಕೂಡುವುದಿಲ್ಲ ಎಂದೆ. ಗುಮಾಸ್ತೆ ಕೇಳುತ್ತಿದ್ದಳು, ನಿಯಮದಂತೆ ಮೂವರನ್ನೂ ಬಂದೂಕಿನ ಸಮೇತ ವಾಪಸು ಕಳಿಸಲೇ? ಮೇಷ್ಟರದು ಮೇಲ್ಸೇತುವೆಯ ಕೆಳಗೆ ಕಂಡ ಅದೇ ಮುಖ. ಮಗನನ್ನು ಫೋನಿಗೆ ಕರೆಯಿರಿ ಎಂದರು.

ತಂದೆ ಮಗ ತಮ್ಮ ಭಾಷೆಯಲ್ಲಿ ಮಾತಾಡಿದರು. ನನಗೆ ಒಂದು ಪದವೂ ತಿಳಿಯಲಿಲ್ಲ. ತಂದೆಯದು ಚಿಕ್ಕ ಚಿಕ್ಕ ಪ್ರಶ್ನೆ, ಮಗನದು ಮೊದಲು ತಡವರಿಸುವ ಮಾತು, ಆಮೇಲೆ ತಡವರಿಸದ ಒಂದು ಉದ್ದನೆಯ ಮಾತು. ಅದಾದ ಮೇಲೆ ಮೇಷ್ಟ್ರು ಏನನ್ನೂ ಕೇಳಲಿಲ್ಲ. ಮೇಜಿನ ಮೇಲೆ ಎರಡೂ ಕೈ ಊರಿ, ಫೋನಿನ ಕಡೆಯೇ ನೋಡುತ್ತಾ, ನಮಗೆ ಇಂಗ್ಲಿಷಿನಲ್ಲಿ ಹೇಳಿದರು.

ಕಾವಲು ಶುರುವಾದ ದಿನ ಅವರು ಬೀದಿಯ ಯಜಮಾನರಾಗಿ ಒಂದು ಮಾತು ಹೇಳಿದ್ದರಂತೆ: ಹೆಣ್ಣುಮಕ್ಕಳು ಯಾರೂ ಬಂದೂಕು ಮುಟ್ಟಕೂಡದು. ಆದರೆ ಬೇಕರಿಯವನು ನಸುಕಿಗೆ ಮುಂಚೆ ಒಲೆ ಹಚ್ಚಲೇಬೇಕು. ಬಂದೂಕನ್ನು ನೆಲದ ಮೇಲೆ ಇಡುವಂತಿಲ್ಲ. ಆಗ ಅವನ ತಂಗಿ ಬಂದು ಅವನ ಕೈಯಿಂದ ತೆಗೆದುಕೊಂಡಳು. ಆಮೇಲೆ ಪ್ರತಿ ನಸುಕಿನಲ್ಲೂ ಅವಳೇ. ದರ್ಜಿ ಬರುವ ತನಕ ಅಂಗಡಿಯ ನೆರಳಿನಲ್ಲಿ ನಿಲ್ಲುತ್ತಿದ್ದಳು. ಮೂವರಿಗೂ ಗೊತ್ತಿತ್ತು, ಯಜಮಾನರಿಗೆ ಹೇಳಿರಲಿಲ್ಲ. ಇಂದೂ ಹೇಳಬಾರದೆಂದು ಮಾತಾಡಿಕೊಂಡೇ ಬಂದಿದ್ದರು. ತರಗತಿಯಲ್ಲಿ ಒಬ್ಬನೇ ಕುಳಿತು ಪ್ರಶ್ನೆ ಕೇಳಿಸಿಕೊಂಡಾಗ ಅಣ್ಣನಿಗೆ ಮಾತ್ರ ಅವಳ ಹೆಸರನ್ನು ನುಂಗಲಾಗಲಿಲ್ಲ.

“ನನ್ನ ಮಗ ಕೇಳುತ್ತಾನೆ,” ಎಂದರು ಮೇಷ್ಟ್ರು. “ಅಪ್ಪ, ದಿನಾ ಬೆಳಿಗ್ಗೆ ಬಿಸಿ ರೊಟ್ಟಿ ತಿಂದಿರಲ್ಲ, ಹಿಟ್ಟು ನಾದುವವನ ಕೈಯಲ್ಲಿ ಬಂದೂಕು ಹೇಗಿರುತ್ತೆ ಅಂತ ಒಂದು ದಿನವಾದರೂ ಯೋಚಿಸಿದಿರಾ?”

ನೆರವು ಕಚೇರಿಯಿಂದ ಬಂದಿದ್ದವರು ಕಾಚೋ ಕಡೆ ನೋಡಿದರು. ಕಾಚೋ ಮೇಷ್ಟರ ಕಡೆ ನೋಡಿದರು. ಯಾರು ಕಾವಲಿನವರು ಎಂದು ಹೇಳಬೇಕಾದವರು ಬೀದಿಯ ಯಜಮಾನರೇ, ಹೊಸ ನಿಯಮದಲ್ಲಿ ಅದಿತ್ತು. ಅವರು ಇಲ್ಲವೆಂದರೆ ಅವಳಿಲ್ಲ, ಅವಳಿಲ್ಲದಿದ್ದರೆ ಬಳೆಯಿಲ್ಲ, ಅವರು ಕೊಟ್ಟ ಮಾತೂ ಇಲ್ಲ. ಹೌದೆಂದರೆ, ತಮ್ಮ ಆಜ್ಞೆಯನ್ನು ತಮ್ಮ ಮೂಲೆಯವರೇ ಬೆನ್ನ ಹಿಂದೆ ಮುರಿದಿದ್ದರೆಂದು ತಾವೇ ಬಾಯಿಬಿಟ್ಟು ಒಪ್ಪಬೇಕು. ಅವರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ನಾನು ನೋಡುತ್ತಿದ್ದೆ, ಬೆನ್ನು ನೆಟ್ಟಗಾಯಿತು.

“ಅವಳನ್ನು ಬರೆದುಕೊಳ್ಳಿ,” ಎಂದರು ಫೋನಿಗೆ. “ನಮ್ಮ ಮೂಲೆಯ ಕಾವಲು ನಾಲ್ವರದು. ಯಜಮಾನ ನಾನು ಹೇಳುತ್ತಿದ್ದೇನೆ. ಅವಳನ್ನು ಮನೆಯಿಂದ ಕರೆಸಿ.”

ಕರೆಸಬೇಕಾಗಿಲ್ಲ ಎಂದಳು ಗುಮಾಸ್ತೆ. ಅವಳ ದನಿಯಲ್ಲೂ ಏನೋ ಬದಲಾಗಿತ್ತು. ಬಂದೂಕು ಅಂಗಳದಲ್ಲಿದೆ ಎಂದೆನಲ್ಲ, ಅದನ್ನು ಹಿಡಿದುಕೊಂಡು ನಿಂತಿರುವವಳೇ ಅವಳು. ನಸುಕಿನ ಸರದಿ. ಅಣ್ಣನ ಬದಲು ಹೊತ್ತು ತಂದಿದ್ದಾಳೆ ಎಂದುಕೊಂಡು ನಾವು ಅವಳನ್ನು ಕೇಳಲೇ ಇಲ್ಲ ಎಂದಳು.

ದರ್ಜಿಯನ್ನು ಮತ್ತೆ ಕೇಳಿದರು. ಅವನು ಈಗ ಅವಳ ಕೈಯಿಂದಲೇ ಎಂದ. ಆಮೇಲೆ ಅವಳನ್ನು ಒಳಗೆ ಕರೆದರು. ಬಂದೂಕು ಹೊರಗೆ ಇಟ್ಟು ಬಾ ಎಂದು ಬಾಗಿಲಲ್ಲಿದ್ದ ಸೈನಿಕ ಹೇಳಿದ್ದೂ, ಇಡುವುದಿಲ್ಲ ಎಂದು ಅವಳು ಹೇಳಿದ್ದೂ, ಮಾತಿಗೆ ಮಾತು ಬೆಳೆದದ್ದೂ ಫೋನಿನಲ್ಲಿ ದೂರದಿಂದ ಕೇಳುತ್ತಿತ್ತು, ಮೇಷ್ಟ್ರು ನಮಗೆ ತಿರುಗಿಸಿ ಹೇಳುತ್ತಿದ್ದರು. ಕೊನೆಗೆ ಹಿಡಿದುಕೊಂಡೇ ಬಂದಳಂತೆ. ಯಾರ ಕೈಯಿಂದ ತೆಗೆದುಕೊಳ್ಳುತ್ತಿದ್ದೆ? ಅಣ್ಣನ ಕೈಯಿಂದ. ಯಾರ ಕೈಗೆ ಕೊಡುತ್ತಿದ್ದೆ?

ಗುಮಾಸ್ತೆ ಅವಳ ಉತ್ತರವನ್ನು ನಮಗೆ ಹೇಳಿದಳು.

“ದಿನಾ ದರ್ಜಿಗೆ. ಇವತ್ತು ಇನ್ನೂ ಕೊಟ್ಟಿಲ್ಲ. ಯಾರ ಕೈಗೆ ಕೊಡಲಿ ಎಂದು ಕೇಳುತ್ತಿದ್ದಾಳೆ.”

ನಾನು ದರ್ಜಿ ಎಂದು ಟೈಪು ಮಾಡಿದೆ. ಬಳೆ ಕೂಡಿತು. ಆದರೆ ಯಾರೂ ಪರದೆಯನ್ನು ನೋಡುತ್ತಿರಲಿಲ್ಲ. ಪ್ರಶ್ನೆ ಕೇಳಿದವಳು ಅಲ್ಲಿ ಬಂದೂಕು ಹಿಡಿದು ಕಾಯುತ್ತಿದ್ದಳು, ಉತ್ತರ ಹೇಳಬೇಕಾದವರು ಇಲ್ಲಿದ್ದರು. ಮೇಷ್ಟ್ರು ಫೋನಿನ ಹತ್ತಿರ ಬಾಗಿ ಮೊದಲು ತಮ್ಮ ಭಾಷೆಯಲ್ಲಿ ಹೇಳಿದರು. ಆಮೇಲೆ ನಮಗಾಗಿ ಅದನ್ನೇ, ಪ್ರತಿ ಪದಕ್ಕೂ ಚುಕ್ಕೆ ಇಟ್ಟು.

“ಗುಮಾಸ್ತೆಯ ಕೈಗೆ ಕೊಡು, ತಾಯಿ. ಕಾವಲು ಮುಗಿಯಿತು. ನಾಲ್ವರೂ ಹಣ ತೆಗೆದುಕೊಂಡು ಮನೆಗೆ ಹೋಗಿ.”

ಆ ಕಡೆ ಲೋಹ ಮೇಜಿಗೆ ತಾಗಿದ ಸದ್ದಾಗಲಿಲ್ಲ, ಕೈಗೇ ಕೊಟ್ಟಿರಬೇಕು. ಆಮೇಲೆ ಬೆಂಚುಗಳು ಸರಿದವು, ಬಾಗಿಲುಗಳು ತೆರೆದುಕೊಂಡವು, ಯಾರೋ ಯಾರನ್ನೋ ಕರೆದರು, ಒಬ್ಬಳು ಹೆಂಗಸು ಬೈಯುವ ದನಿಯಲ್ಲಿ ಏನೋ ಅಂದಳು, ಗಂಡಸರು ನಕ್ಕರು. ಏನಂದಳು ಎಂದು ಕಾಚೋ ಕೇಳಿದರು. ಒಲೆ ಆರಿಹೋಗುತ್ತದೆ, ಬೇಗ ನಡಿ ಎಂದು ಅಣ್ಣನಿಗೆ ಹೇಳುತ್ತಿದ್ದಾಳೆ ಎಂದರು ಮೇಷ್ಟ್ರು.